ಗೋಣಿನ ಮೂರು ಉತ್ತರ

ಗದಗಿನ ನಾವು ಬಾಯಿಗಿಂತ ಗೋಣಿನಿಂದಲೇ ಹೆಚ್ಚು ಮಾತಾಡುವ ಮಂದಿ. ಬಾಯಿ ಎಲಿ-ಅಡಕಿಗೆ ಮೀಸಲು. ಬೆಟಗೇರಿಯಲ್ಲಿ ಮಗ್ಗದ ಸದ್ದಿನ ನಡುವೆ "ಸೀರಿ ನಾಳೆ ಸಿಗ್ತೈತೇನ್ರೀ?" ಎಂದು ಎಷ್ಟು ಕೂಗಿ ಕೇಳಿದರೂ ಬರುವುದು ಗೋಣಿನ ಉತ್ತರವೇ.

ಆ ಉತ್ತರಗಳಿಗೆ ಕುತ್ತಿಗೆಯೊಳಗೆ ಬೇರೆ ಬೇರೆ ಖಾತೆಗಳಿವೆ ಎಂದು ತಿಳಿದದ್ದು, ಗೋಣು ಹಿಡಿದುಕೊಂಡು ಡಾಕ್ಟರ ಮುಂದೆ ಕುಳಿತಾಗ. ಎಕ್ಸ್-ರೇ ಬೆಳಕಿಗೆ ಹಿಡಿದು "7 ಎಲುಬೂ ಅದಾವ ನೋಡ್ರಿ" ಎಂದರು. ಜಿರಾಫೆಗೂ 7 ಅಂತೆ! ಉದ್ದದಲ್ಲಿ ಧಾರಾಳ, ಎಣಿಕೆಯಲ್ಲಿ ಬಿಗಿ. ದೇವರೂ ಒಂದಿಷ್ಟು ದಿನ ನಮ್ಮ ಎಪಿಎಂಸಿಯಲ್ಲಿ ಕೂತು ಬಂದಿರಬೇಕು.

ಮೊದಲನೆಯದು ಅಟ್ಲಾಸ್. ಆಕಾಶ ಹೊತ್ತ ಗ್ರೀಕ್ ದೈತ್ಯನ ಹೆಸರು. ಹೊತ್ತಿರುವುದು ಮಾತ್ರ ಸುಮಾರು 5 ಕಿಲೋದ ನನ್ನ ತಲೆಯನ್ನು. ಇದರ ಮೇಲೆ ತಲೆಬುರುಡೆ ಹಿಂದೆಮುಂದೆ ತೂಗಿದರೆ 'ಹೌದು'. ಎರಡನೆಯದು ಆ್ಯಕ್ಸಿಸ್. ಇದರಿಂದ ಗೂಟವೊಂದು ಮೇಲೆದ್ದು ಅಟ್ಲಾಸಿನ ಬಳೆಯೊಳಗೆ ನಿಂತಿದೆ. ಆ ಗೂಟದ ಸುತ್ತ ಅಟ್ಲಾಸು ತಲೆಸಮೇತ ಎಡಬಲ ತಿರುಗಿದರೆ 'ಇಲ್ಲ'. ಕತ್ತು ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ ಇಲ್ಲಿಯೇ ಮುಗಿಯುತ್ತದೆ. ಈ ಎರಡೂ ಸಂದುಗಳಲ್ಲಿ ಡಿಸ್ಕ್ ಇಲ್ಲ. ಖಡಾಖಂಡಿ ಮಾತಿಗೆ ಮೆತ್ತೆ ಯಾಕೆ?

ಗದಗಿನಲ್ಲಿ ಇವೆರಡಕ್ಕೆ ಕೆಲಸ ಕಡಿಮೆ. ನಮ್ಮ ಕಾರಭಾರವೆಲ್ಲ ಕೆಳಗಿನ 5 ಎಲುಬುಗಳದು. ಡಿಸ್ಕುಗಳು ಶುರುವಾಗುವುದು ಆ್ಯಕ್ಸಿಸ್ಸಿನ ಕೆಳಗೆ. ಅಲ್ಲಿಯ ಕೀಲುಗಳು ಓರೆಯಾಗಿರುವುದರಿಂದ ಗೋಣು ಪಕ್ಕಕ್ಕೆ ವಾಲಿದರೆ ಕೇಳದೆಯೇ ಒಂಚೂರು ತಿರುಗಿಯೂ ಬಿಡುತ್ತದೆ. ವಾಲಿದ್ದೂ ಹೌದು, ತಿರುಗಿದ್ದೂ ಹೌದು: ಇದೇ 'ನೋಡೂಣ'. ಸೀರೆ ನಾಳೆಯೂ ಸಿಗಬಹುದು, ದೀಪಾವಳಿಗೂ ಸಿಗಬಹುದು. ಸಾಲದ ವಾಯಿದೆ, ಕನ್ಯಾ ನೋಡಿ ಬಂದ ಮೇಲಿನ ಅಭಿಪ್ರಾಯ, ಚುನಾವಣೆಗೆ ಮುಂಚಿನ ಭರವಸೆ, ಎಲ್ಲವೂ ಈ 5ರ ಇಲಾಖೆ.

"ಮೊಬೈಲ್ ನೋಡಿ ನೋಡಿ ಗೋಣು ಬಗ್ಗೈತಿ, ಆಗಾಗ ಮ್ಯಾಲೆ ನೋಡ್ರಿ" ಎಂದರು ಡಾಕ್ಟರು. ಅದಕ್ಕೇನು ಬರ? ಭೀಷ್ಮಕೆರೆಯ ಬಸವಣ್ಣನವರ ಮೂರ್ತಿಯ ಮುಖ ಕಾಣಬೇಕಾದರೆ ಟೊಪ್ಪಿಗೆ ಹಿಂದೆ ಬೀಳುವಷ್ಟು ಗೋಣೆತ್ತಬೇಕು. ಎತ್ತುವುದೇ ಕಷ್ಟವಾದದ್ದರಿಂದ ಕೊರಳಿಗೆ ಪಟ್ಟಿ ಬಂತು.

ಪಟ್ಟಿಯ ಸಂಕಟ ನೋವಿನದಲ್ಲ. ಮೂರೂ ಖಾತೆ ಬಂದ್! ಅಂಥ ಹೊತ್ತಿಗೇ ಹೆಂಡತಿಯ ತಮ್ಮ ಶಿರಹಟ್ಟಿಯಿಂದ ಬಂದು ಕೂತು, ಬೋರ್‌ವೆಲ್ಲಿಗೆ ರೊಕ್ಕ ಕೇಳಿದ. ಬಾಯಲ್ಲಿ ಎಲಿ-ಅಡಕಿ ಇತ್ತು. ವಾಲಿಸಲು ನೋಡಿದೆ, ಪಟ್ಟಿ ಬಿಡಲಿಲ್ಲ. ನೆಟ್ಟಗೆ ಕೂತ ನನ್ನನ್ನು ಒಂದು ಗಳಿಗೆ ನೋಡಿ, "ಇಲ್ಲ ಅನ್ನಲಿಲ್ಲಲ್ಲ, ಅಷ್ಟ ಸಾಕು. ಸೋಮವಾರ ಬರ್ತೀನ್ರಿ ಮಾವಾರ" ಎಂದು ಚಹಾ ಮುಗಿಸಿ ಎದ್ದ.