ಎಂಟು ಹಾಕಿಸಿದ ಸಾಹೇಬರಿಗೆ

ಶಾಂತಿಗ್ರಾಮ,
ಧನುರ್ಮಾಸದ ಒಂದು ಮಧ್ಯಾಹ್ನ

ಮಾನ್ಯ ಸಾಹೇಬರೇ,

ನಿಮಗೆ ನನ್ನ ನೆನಪಿರಲಾರದು. ನಿನ್ನೆ ನಿಮ್ಮ ಡಿಎಲ್ ಟೆಸ್ಟ್ ಮೈದಾನದ ಬೇಲಿಗೆ ಒರಗಿಕೊಂಡು ಬೆಳಿಗ್ಗೆ 9ರಿಂದ ಮಧ್ಯಾಹ್ನ 1.30ರವರೆಗೆ ನಿಂತಿದ್ದ, ಕಿವಿಗೆ ಮಫ್ಲರ್ ಸುತ್ತಿದ್ದ ಮುದುಕ ನಾನೇ. ಮೊದಲು ಸರ್ವರ್ ಇರಲಿಲ್ಲ. ಸರ್ವರ್ ಬಂದಾಗ ತಾವಿರಲಿಲ್ಲ. ತಾವು ಬಂದಾಗ ಸರ್ವರ್ ಮತ್ತೆ ಹೋಗಿತ್ತು. ಇಬ್ಬರೂ ಒಟ್ಟಿಗೆ ಸಿಕ್ಕಿದ್ದು 1 ಗಂಟೆ ಮೇಲೆ. ನನ್ನ ಮಗಳು ಸ್ಕೂಟರಿನಲ್ಲಿ ಎಂಟು ಹಾಕಿದಳು. ಕಾಲು ನೆಲಕ್ಕೆ ತಾಗಲಿಲ್ಲ. ತಾವು ಫೋನಿನಿಂದ ತಲೆಯೆತ್ತಿ ‘ಹ್ಞೂಂ, ಪಾಸ್’ ಅಂದಿರಿ. ಎಲ್ಲಾ ಸೇರಿ ಒಂದೂವರೆ ನಿಮಿಷ.

ಕಲಿಕಾ ಲೈಸೆನ್ಸ್ ಮಾಡಿಸಿದ ಮೇಲೆ 30 ದಿನ ಕಾಯಬೇಕೆಂಬುದು ಕಾನೂನು, ಕಾದೆವು. ಅಷ್ಟೂ ದಿನ ಅವಳು ಊರ ಬಯಲಿನಲ್ಲಿ ಎಂಟು ಹಾಕಿದ್ದೇ ಹಾಕಿದ್ದು. ಒಣ ನೆಲ, ಎಳೆ ಬಿಸಿಲು, ಅಡ್ಡ ಬಂದರೆ ಒಂದು ಕರು. ಈಗ ಅವಳು ನಿದ್ದೆಗಣ್ಣಿನಲ್ಲೂ ಎಂಟು ಹಾಕುತ್ತಾಳೆ. ಏನು ಮಾಡುವುದು, ಹಾಸನಕ್ಕೆ ಹೋಗುವ ಹೆದ್ದಾರಿ ಎಂಟಿನಂತಿಲ್ಲ.

ಮಾಗಿಯಲ್ಲಿ ಬೆಳಿಗ್ಗೆ 6ಕ್ಕೆ ನಮ್ಮೂರ ಟೋಲ್ ಗೇಟಿನ ಹತ್ತಿರ ತಾವು ಯಾವತ್ತಾದರೂ ನಿಂತಿದ್ದೀರಾ? ಭೋಗನರಸಿಂಹಸ್ವಾಮಿಯ ಗುಡಿಯ ಗಂಟೆ ಕೇಳುತ್ತದೆ, ಮಂಜಿನಲ್ಲಿ ಗುಡಿ ಕಾಣುವುದಿಲ್ಲ. ಇದು ಹೊಯ್ಸಳರ ರಾಣಿ ಶಾಂತಲೆಯ ಹೆಸರಿನ ಊರೆಂದು ಹಿರಿಯರು ಹೇಳುತ್ತಾರೆ. ಪಲ್ಲಕ್ಕಿಯ ಕಾಲದವಳು, ಬಚಾವಾದಳು. ಆ ಮಂಜಿನಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಮಂಗಳೂರಿಗೆ ಹೊರಟ ಕಾರುಗಳು ಹೈಬೀಮ್ ಹಾಕಿಕೊಂಡು ನುಗ್ಗುತ್ತವೆ. ಹೈಬೀಮಿನ ಬೆಳಕು ಮಂಜಿನ ಹನಿಗೆ ಬಡಿದು ಹಾಕಿದವನ ಕಣ್ಣಿಗೇ ವಾಪಸು ಬರುತ್ತದೆ, ಡಿಪ್ ಮಾಡಬೇಕು. ಇದನ್ನು ಅವರಿಗೆ ಯಾರು ಹೇಳಿಕೊಟ್ಟರು? ಅವರೂ ಪಾಸಾದವರೇ. ಇನ್ನು ಕೆಲವರು ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಬರುತ್ತಾರೆ. ಗಾಡಿ ನಿಂತಿದೆಯೋ, ಓಡುತ್ತಿದೆಯೋ, ಯಾವ ಕಡೆ ತಿರುಗುತ್ತದೋ ನರಸಿಂಹನಿಗೇ ಗೊತ್ತು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ಕಣ್ಣಿಗೆ ಕಾಣುವುದು 20 ಮೀಟರ್. ಬ್ರೇಕಿಗೆ ಕಾಲಿಡುವಷ್ಟರಲ್ಲಿ ಕಂಡಷ್ಟು ದಾರಿ ಮುಗಿದೇ ಹೋಗಿರುತ್ತದೆ.

ನಿನ್ನೆ ನಿಮ್ಮನ್ನು ಕೇಳಿದೆನಲ್ಲ, ‘ಸಾರ್, ಮಂಜಲ್ಲಿ ಓಡಿಸೋದು ಯಾರೂ ಹೇಳ್ಕೊಡಲ್ವಾ?’ ಅಂತ. ‘ಮಂಜು ಬಿಟ್ಟಮೇಲೆ ಹೋಗ್ಲಿ ಬಿಡಿ ಯಜಮಾನ್ರೇ’ ಅಂದಿರಿ. ಅವಳು ಕೆಲಸಕ್ಕೆ 7ಕ್ಕೆ ಹಾಜರಿರಬೇಕು. ಮಂಜು ಬಿಡುವುದು ಎಂಟಕ್ಕೆ. ನೋಡಿ, ಅಲ್ಲೂ ಎಂಟೇ.

ಹೋಗಲಿ, ಮಂಜಿಗೆ ಡಿಎಲ್ ಇಲ್ಲ, ಕ್ಷಮಿಸೋಣ. ಆ ಕಬ್ಬಿನ ಟ್ರೇಲರನ್ನು ಹೇಗೆ ಕ್ಷಮಿಸಲಿ? ಮೊನ್ನೆ ನಸುಕಿನಲ್ಲಿ ಅಳಿಯನ ಬೈಕಿನ ಹಿಂದೆ ಕೂತು ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದೆ. ಮುಂದೆ ಮಂಜಿಗಿಂತ ಒಂದು ಚೂರು ಕಪ್ಪಗೆ ಏನೋ ಇತ್ತು. ಮರ ಅಂದುಕೊಂಡೆ. ಮರ ನಡೆಯುತ್ತಿತ್ತು. ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಅದರ ಮೇಲೆ ಸೆರಗು ಹೊದಿಸಿತ್ತು. ಅಳಿಯ ಬೈಕನ್ನು ಮಣ್ಣಿಗಿಳಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನನಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲವೇ? ನನ್ನ ಮಗಳ ಹೆಲ್ಮೆಟ್ಟಿನ ಐಎಸ್‌ಐ ಗುರುತನ್ನು ಉಗುರಿನಲ್ಲಿ ಕೆರೆದು ನೋಡಿದಿರಲ್ಲ, ಆ ಉಗುರು ಒಂದು ಟ್ರೇಲರಿನ ಹಿಂಭಾಗಕ್ಕೆ ತಾಗಿದ್ದನ್ನು ನಾನು ಈ ವಯಸ್ಸಿನವರೆಗೆ ನೋಡಿಲ್ಲ. ಎರಡು ಮೊಳ ರೇಡಿಯಂ ಸ್ಟಿಕ್ಕರ್ ಅಂಟಿಸಲು ಯಾವ ಸರ್ವರ್ ಬೇಕು ಸ್ವಾಮಿ? ಪ್ರತಿ ಕಬ್ಬಿನ ಕಾಲಕ್ಕೂ ಯಾರದೋ ಮನೆಯ ಮಕ್ಕಳು ಹೋಗಿ ಆ ಕತ್ತಲಿಗೆ ಗುದ್ದಬೇಕೇ? ವ್ಯಂಗ್ಯವಾಗಿ ಬರೆಯೋಣವೆಂದು ಕೂತೆ, ಇಲ್ಲಿಗೆ ಬರುವಾಗ ಕೈ ನಡುಗುತ್ತದೆ.

ಇವತ್ತು ಬೆಳಿಗ್ಗೆ ನೀವು ಪಾಸು ಮಾಡಿದವಳು ಬಿದ್ದಳು. ಮಂಜಿಗಲ್ಲ, ಟ್ರೇಲರಿಗಲ್ಲ. ಹೆದ್ದಾರಿ ಸೇರುವ ಮುಂಚೆಯೇ, ಊರ ರಸ್ತೆಯಲ್ಲಿ ಒಕ್ಕಣೆಗೆ ಹರಡಿದ್ದ ಹುರುಳಿ ಮೇಲೆ. ಇಬ್ಬನಿಗೆ ನೆನೆದ ಸೊಪ್ಪು, ಅದರಡಿ ಗುಂಡು ಗುಂಡು ಕಾಳು. ಮುಂದಿನ ಬ್ರೇಕ್ ಹಿಡಿದಳಂತೆ, ಚಕ್ರ ಸರ್ರನೆ ಜಾರಿತು. ಮೊಣಕೈ ತರಚಿದೆ, ಕನ್ನಡಿ ಒಡೆದಿದೆ. ‘ಅಪ್ಪಾ, ಎಂಟು ಹಾಕಕ್ಕೂ ಟೈಮ್ ಸಿಗ್ಲಿಲ್ಲ’ ಅಂದಳು.

ಹುರುಳಿ ಯಾರದೆಂದು ಕೇಳುತ್ತೀರಿ, ಗೊತ್ತು. ಹಿಂದೆ ಎಲ್ಲರ ಮನೆಯಲ್ಲೂ ಸಗಣಿ ಸಾರಿಸಿದ ಕಣವಿತ್ತು, ರೋಣಗಲ್ಲಿತ್ತು, ಎಳೆಯಲು ಎತ್ತಿದ್ದವು. ಎತ್ತು ಮಾರಿದೆವು, ಆಳು ಸಿಗುವುದಿಲ್ಲ, ಟಾರು ರಸ್ತೆ ಪುಕ್ಕಟೆ, ಮೇಲೆ ಓಡಾಡುವ ಗಾಡಿಗಳೂ ಪುಕ್ಕಟೆ. ಆದ್ದರಿಂದ ಅದು ನನ್ನದೇ ಹುರುಳಿ.

ಸಂಜೆಯೊಳಗೆ ಎತ್ತಿಸುತ್ತೇನೆ. ಟ್ರೇಲರುಗಳಿಗೆ ರೇಡಿಯಂ ಅಂಟಿಸುವುದು ನಿಮ್ಮ ಪಾಲು. ಧನುರ್ಮಾಸ ಮುಗಿಯುವುದರೊಳಗೆ ಒಂದು ಬೆಳಿಗ್ಗೆ 6ಕ್ಕೆ ಟೋಲ್ ಗೇಟಿಗೆ ಬನ್ನಿ, ಗುಡಿಯ ಹುಗ್ಗಿ ಕೊಡಿಸುತ್ತೇನೆ. ಹಾಸನದವರೆಗೆ ಮಗಳು ಸ್ಕೂಟರ್ ಓಡಿಸುತ್ತಾಳೆ, ತಾವು ಹಿಂದೆ ಕೂರಿ.

ಇತಿ,
ಬೇಲಿಗೆ ಒರಗಿ ನಿಂತಿದ್ದವನು