ಹೈವೇ ಟಚ್ ಪ್ಲಾಟು

“ಕಾಕಾ, ಹುಮನಾಬಾದಿನಾಗ ಪ್ಲಾಟ್ ನೋಡ್ಲತ್ತೀರಂತಲ್ಲ?”

“ನಾ ಯಾಕ್ ನೋಡ್ಲಿ ತಮ್ಮಾ? ಮಗ ನೋಡ್ಲತ್ತಾನ. ನನಗ ಗಾಡಿ ಹಿಂದ ಕುಂದರಿಸಿಕೊಂಡು ಹೋಗಿದ್ದ, ಅಷ್ಟೇ.”

ಗ್ವಾಡಿಯಾಚೆ ಕಾಕಾ ತೊಗರಿ ಕಟಗಿ ಒಟ್ಟುತ್ತ ಹೇಳಿದ್ದಿಷ್ಟು: ಪ್ಲಾಟಂದ್ರ ನಾಕು ಕಲ್ಲು, ಸುಣ್ಣದ ಗೆರಿ, ಒಂದು ಬಣ್ಣದ ಕಮಾನು. ಒಳಗ ಇನ್ನೂ ಹೋದ ಸಲದ ತೊಗರಿ ಕೂಳಿ ಕಾಲಿಗೆ ಚುಚ್ಚತಾವ. ಏಜೆಂಟ್ ಮಾತ್ರ ಗಾರ್ಡನ್ ಎಲ್ಲಿ, ಗುಡಿ ಎಲ್ಲಿ ಅಂತ ಬೆರಳು ಮಾಡಿ ತೋರಿಸಿದನಂತೆ. “ಹೊಲದ ಜಮೀನು ಎನ್.ಎ. ಆಗ್ಯಾದೇನಪಾ?” ಅಂದರೆ “ಫೈಲ್ ಬೀದರಿಗೆ ಹೋಗ್ಯಾದ್ರೀ” ಅಂದನಂತೆ.

“ಅಲ್ಲ ಕಾಕಾ, ನಮ್ಮ ತಾಲ್ಲೂಕು ಬಸವಕಲ್ಯಾಣ. ಅಲ್ಲೇ ತೊಗೋಬಾರದೇನು?”

“ಅಲ್ಲಿ ಹೈವೇ ಎಲ್ಲದ? ಬಸ್ಸು ಹೈವೇ ಮ್ಯಾಲಿನ ಸಸ್ತಾಪುರ ಬಂಗ್ಲಾದಾಗ ಇಳಿಸಿ ಹೋಗ್ತದ.”

ಕಾಕಾನ ಮಾತಿನಲ್ಲಿ ಹುರುಳಿದೆ. ಚಾಲುಕ್ಯರ ರಾಜಧಾನಿ, ಕೋಟೆ, ಬಸವಣ್ಣ ಎಲ್ಲ ಕಲ್ಯಾಣದ ಪಾಲಿಗೆ ಬಂದವು. ಪುಣೆ–ಹೈದರಾಬಾದ್ ರಸ್ತೆ ಮಾತ್ರ ಪಕ್ಕದಿಂದ ಹಾದುಹೋಯಿತು. ಹುಮನಾಬಾದಿನಲ್ಲೋ ಆ ರಸ್ತೆಗೆ ಬೀದರ–ಕಲಬುರಗಿ ರಸ್ತೆ ಬಂದು ಅಡ್ಡ ಕೂಡುತ್ತದೆ. 2017ರಿಂದ ಕಲಬುರಗಿಗೆ ರೈಲೂ ಉಂಟು. ಊರು ನಾಲ್ಕೂ ದಿಕ್ಕಿಗೆ ಕಾಲು ಚಾಚಿದೆ. ನಮ್ಮ ಮುಡಬಿಯವರಿಗೆ ಪಹಣಿ ಕೆಲಸಕ್ಕೆ ಕಲ್ಯಾಣ, ದೊಡ್ಡ ದವಾಖಾನೆಗೆ ಕಲಬುರಗಿ. ಕನಸಿಗೆ ಈಗ ಹುಮನಾಬಾದ್.

“ಮುಡಬಿನೇ ತಾಲ್ಲೂಕು ಆದ್ರ?” ಕೆಣಕಿದೆ.

“ಹುಲಸೂರ ನಮ್ಮಂಗೇ ಹೋಬಳಿ ಇತ್ತು. 2018ರಾಗ ತಾಲ್ಲೂಕಾಯ್ತು. ಹುಮನಾಬಾದಿನಿಂದ ಚಿಟಗುಪ್ಪಾನೂ ಹರಕೊಂಡು ಹೋಯ್ತು. ನಾವು ಕುಂತೀವಿ.” ಕಾಕಾ ಕಟಗಿ ಒಗೆದರು. “ಹೋಗ್ಲಿ ಬಿಡು. ಕೊಹಿನೂರ ಅಂತ ಹೆಸರಿಟ್ಟುಕೊಂಡಿದ್ದೇ ಇನ್ನೂ ಹೋಬಳಿಯಾಗ್ಯಾದ, ನಮ್ದೇನದ!”

ನನಗನ್ನಿಸುವುದು ಬೇರೆ. ತಾಲ್ಲೂಕಾದರೆ ಮೊದಲು ಏರುವುದು ಪ್ಲಾಟಿನ ರೇಟು. ನಳಕ್ಕೆ ನೀರು ಏರುವುದು ಆಮೇಲಿನ ಮಾತು. ಆಗ ಇದೇ ಏಜೆಂಟ್ ನಮ್ಮ ಹೊಲದಲ್ಲೂ ಸುಣ್ಣ ಚೆಲ್ಲುತ್ತಾನೆ. ಅದನ್ನು ಹೇಳಿದರೆ ಕಾಕಾಗೆ ಖುಷಿಯಾದರೂ ಆಗಬಹುದೆಂದು ಹೇಳಲಿಲ್ಲ.

“ಅಲ್ಲಿ ಹೋಗಿ ಇರ್ತೀರೇನು?”

“ಯಾರು, ನಾನಾ? ಆಜುಬಾಜು ಯಾರಂತ ಕೇಳ್ದೆ. ಒಬ್ಬರು ಪುಣೆದಾಗ, ಒಬ್ಬರು ಹೈದರಾಬಾದಿನಾಗ ಇರ್ತಾರಂತ. ಪ್ಲಾಟಿಗೆ ತಂತಿ ಹಾಕಿ ಹೋಗ್ಯಾರ. ಮುಂಜಾನೆದ್ದು ಯಾರ ಕೂಡ ಮಾತಾಡ್ಲಿ, ತಂತಿ ಕೂಡ?”

“ಮತ್ಯಾಕ ತೊಗೋತೀರಿ?”

“ಮಗನ ಲಗ್ನ ಮಾಡ್ಬೇಕಲ್ಲೋ. ಹೆಣ್ಣಿನವರು ಹೊಲ ಎಷ್ಟದ ಅಂತ ಈಗ ಯಾರ್ ಕೇಳ್ತಾರ? ಪ್ಲಾಟ್ ಎಲ್ಲದ ಅಂತಾರ.”

ಒಳಗಿಂದ ಕಾಕಿಯ ದನಿ ಬಂತು: “ರೊಕ್ಕ ಎಲ್ಲಿಂದ ತರ್ತೀರಿ ಕೇಳು ತಮ್ಮಾ! ಎರಡೆಕರೆ ಮಾರ್ತಾರಂತ. ನಾಳೆ ತೊಗರಿ ಎಲ್ಲಿ ಬಿತ್ತತಾರ, ಸ್ಲ್ಯಾಬಿನ ಮ್ಯಾಲ?”

“ನಿನ್ನ ಮಗಗ ಕೇಳು,” ಅಂದರು ಕಾಕಾ.