ಭಾವನ ಠೇವಣಿ ಹಿತ್ತಲು

ನಮ್ಮ ಭಾವನ ಮನೆಯಲ್ಲಿ ಕಾಫಿ ಸಿಗುವುದು ಹಿತ್ತಲು ಸುತ್ತಿ ಬಂದ ಮೇಲೆ. ಕಾಲು ತೊಳೆದು ಜಗುಲಿ ಹತ್ತುವುದರೊಳಗೆ ಅವರು ಹಾಳೆಟೊಪ್ಪಿ ಹಾಕಿಕೊಂಡು ಅಂಗಳಕ್ಕೆ ಇಳಿದಾಗಿರುತ್ತದೆ. “ಬಾರೋ ತಮ್ಮಾ, ಹಂಗೇ ಒಂದು ಸುತ್ತು ಹಾಕ್ಕಂಡು ಬಂದುಬಿಡನ.” ಒಳಗಿಂದ ಅಕ್ಕ, “ಹುಡುಗ ಈಗಷ್ಟೇ ಬಸ್ಸಿಳಿದು ಬಂದಿದಾನೆ, ಕುಡಿಯೋಕಾದ್ರೂ ಕೊಡ್ತೀನಿ ತಡೀರಿ” ಎನ್ನುತ್ತಾಳೆ. ಹುಡುಗನೆಂದರೆ ನಾನು. ನನಗೆ ಐವತ್ತೆಂಟು.

ಭಾವ ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದು, ಮ್ಯಾನೇಜರಾಗಿ ನಿವೃತ್ತರಾಗಿ, ಸಾಗರದ ಹತ್ತಿರದ ಹಳೇ ಮನೆಗೆ ಬಂದು ಸೇರಿದವರು. ಅಡಿಕೆ ತೋಟ ತಮ್ಮಂದಿರ ಪಾಲಿಗೆ ಹೋಗಿತ್ತು. ಇವರಿಗೆ ಉಳಿದದ್ದು ಮನೆ ಹಿಂದಿನ ಮೂವತ್ತು ಗುಂಟೆ ಹಿತ್ತಲು. ಅಲ್ಲಿ ಇವರು ಶಾಖೆ ತೆರೆದರು. ನೆಟ್ಟ ಗಿಡಕ್ಕೆಲ್ಲ ಒಂದೊಂದು ತಗಡಿನ ಬೋರ್ಡು. ಅದರಲ್ಲಿ ಹೆಸರು, ನೆಟ್ಟ ತಾರೀಖು, ಅವಧಿ ಮುಗಿಯುವ ವರ್ಷ. ಗಿಡ ಗೇಣುದ್ದ, ಬೋರ್ಡು ಮೊಳಕಾಲುದ್ದ. ಮೊದಲ ವರ್ಷ ರಸ್ತೆಯಿಂದ ಕಂಡವರು ಸೈಟು ಮಾಡಿ ಮಾರುತ್ತಿದ್ದಾರೆಂದು ತಿಳಿದು ರೇಟು ಕೇಳಿಕೊಂಡು ಬಂದಿದ್ದರಂತೆ.

ಬಸಳೆ, ಹರಿವೆ, ಬದನೆ ಎಲ್ಲ ಉಳಿತಾಯ ಖಾತೆ. ಅಕ್ಕ ಬೇಕಾದಾಗ ಹೋಗಿ ತೆಗೆಯಬಹುದು. ಕಸಿ ಗಿಡಗಳು ಮಾತ್ರ ನಿಶ್ಚಿತ ಠೇವಣಿ. ಮಲ್ಲಿಕಾ ಮಾವು ಎರಡನೇ ವರ್ಷಕ್ಕೇ ಹೂ ಬಿಟ್ಟಿತು. ಕಸಿ ಮಾವಿಗೆ ಮೊದಲೆರಡು ವರ್ಷ ಬಂದ ಹೂವನ್ನು ಚಿವುಟಬೇಕು, ಇಲ್ಲದಿದ್ದರೆ ಗಿಡ ಬೆಳೆಯುವುದಿಲ್ಲ. ಭಾವ ಒಂದೊಂದೇ ತೆನೆ ಮುರಿಯುತ್ತ, “ಬಡ್ಡಿ ಆಸೆಗೆ ಬಿದ್ರೆ ಅಸಲು ಸೊರಗ್ತದೆ” ಎಂದು ನನಗೆ ಪಾಠ ಹೇಳಿದರು. ಕೈ ಮಾತ್ರ ಕೊಂಚ ನಡುಗುತ್ತಿತ್ತು.

ಸುತ್ತಿನ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ಆರಿದ್ರೆ ಮಳೆ ಹೊಯ್ಯುತ್ತಿರುತ್ತದೆ, ಒಂದೇ ಕೊಡೆಯಡಿ ಇಬ್ಬರು. ನನ್ನ ಕಾಲಿಗೆ ಉಂಬಳ ಹತ್ತಿ ಬೆರಳ ಸಂದಿಯಲ್ಲಿ ದುಂಡಗಾಗುತ್ತಿರುತ್ತದೆ. ಭಾವ ಒಂದು ಕಡ್ಡಿಯ ಮುಂದೆ ನಿಂತು, “ಇದು ಸಿದ್ದು ಹಲಸು, ತುಮಕೂರು ಕಡೇದು. ತೊಳೆ ತಾಮ್ರದ ಬಣ್ಣ. ತಿಂದು ನೋಡು ಬೇಕಾದ್ರೆ” ಎನ್ನುತ್ತಾರೆ. ಕಡ್ಡಿಯಲ್ಲಿ ಎರಡು ಎಲೆ ಇರುತ್ತವೆ. ನಾನು ಬಾಯಲ್ಲಿ ನೀರೂರಿದವನಂತೆ ತಲೆಯಾಡಿಸಬೇಕು. ಹಾಗೆ ಆಡಿಸದೆ “ಇದು ಬದುಕುತ್ತಾ ಭಾವ?” ಎಂದು ಒಮ್ಮೆ ಕೇಳಿದ್ದಕ್ಕೆ ಬೋರ್ಡು ತೋರಿಸಿದ್ದರು. ತಾರೀಖು ಬಿದ್ದ ಮೇಲೆ ಸಾಯಲು ಗಿಡಕ್ಕೆ ಅಧಿಕಾರವಿಲ್ಲ.

ಶ್ರಾವಣ ಕಳೆದರೆ ಅಂಗಳದ ಅಂಚಿಗೆಲ್ಲ ಡೇರೆ ಹೂವು. ಅದು ಅಕ್ಕನ ಸೀಮೆ, ಅಲ್ಲಿ ಬೋರ್ಡಿಲ್ಲ. ಹೆಸರುಗಳೆಲ್ಲ ಅವಳ ಬಾಯಲ್ಲೇ: ಹೆಗ್ಗೋಡು ಚಿಕ್ಕಮ್ಮನ ಕೆಂಪು, ಶಿರಸಿ ಅತ್ತಿಗೆ ಬಿಳಿ, ಮದುವೆ ಮನೆಯಲ್ಲಿ ಕೇಳದೆ ತಂದ ನೇರಳೆ. ಗೆಡ್ಡೆ ಕೊಟ್ಟವರು ತೀರಿಕೊಂಡರೂ ಹೂವಿಗೆ ಅವರ ಹೆಸರೇ. ಭಾವ ಈ ಜಾಗವನ್ನು ನಿಲ್ಲದೆ ದಾಟುತ್ತಾರೆ. ಈಗಾಗಲೇ ಹೂ ಬಿಟ್ಟದ್ದರಲ್ಲಿ ವಿವರಿಸುವುದಕ್ಕೆ ಏನಿದೆ?

ಬೇಸಿಗೆಯಲ್ಲಿ ಬಾವಿ ತಳ ಕಾಣುತ್ತದೆ, ಮಂಗಗಳು ಬರುತ್ತವೆ. ಅವಕ್ಕೆ ಉಳಿತಾಯ, ಠೇವಣಿ ಎಂಬ ಭೇದವಿಲ್ಲ. ಹಗಲುದರೋಡೆ, ಮ್ಯಾನೇಜರ್ ಎದುರಲ್ಲೇ ತಿಂದು, ಸಿಪ್ಪೆಯನ್ನು ಮ್ಯಾನೇಜರ್ ಮೇಲೇ ಒಗೆಯುತ್ತವೆ. ತೀರ್ಥಹಳ್ಳಿ ಸೀಮೆಯ ರೈತರೊಬ್ಬರು ನಾಯಿಗೆ ಹುಲಿಪಟ್ಟೆ ಬಳಿದು ಮಂಗ ಓಡಿಸುತ್ತಿದ್ದ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದನ್ನು ಓದಿದ ದಿನವೇ ಭಾವ ಬಣ್ಣದ ಡಬ್ಬಿ ತಂದರು. “ನಾಯಿಗೂ ಒಂದು ಮರ್ಯಾದೆ ಬೇಡ್ವಾ?” ಎಂದು ಅಕ್ಕ ಅಡ್ಡ ನಿಂತಳು. ಬಣ್ಣ ದಂಡವಾಗಲಿಲ್ಲ, ಬೋರ್ಡುಗಳಿಗೆ ಎರಡನೇ ಕೋಟು ಆಯಿತು.

ಇಡೀ ಶಾಖೆಗೆ ಕೆಟ್ಟ ಹೆಸರು ತಂದದ್ದು ರಂಬುಟಾನ್. ಪೇಟೆಯಿಂದ ತಂದ ಹಣ್ಣು ತಿಂದು, ಬೀಜ ಊರಿ, 2016ರಲ್ಲಿ ನೆಟ್ಟದ್ದು. ಬೋರ್ಡಿನ ಪ್ರಕಾರ ಅವಧಿ 2022. ಆ ವರ್ಷ ಏನೂ ಬರಲಿಲ್ಲ. ಅಂಕಿ ಹೊಡೆದು 2023 ಎಂದು ನವೀಕರಿಸಿದರು. ಅದೂ ಹೋಗಿ 2024 ಆಯಿತು. ಆಗ ಗಿಡ ತುಂಬ ಹೂ ಬಿಟ್ಟಿತು. ಭಾವ ನನಗೆ ಫೋನು ಮಾಡಿ, ಹಣ್ಣು ಒಯ್ಯಲು ಚೀಲ ತರಲು ಹೇಳಿದರು. ಹೂವೆಲ್ಲ ಉದುರಿತು, ಒಂದು ಕಾಯಿಯೂ ಕಚ್ಚಲಿಲ್ಲ. ನರ್ಸರಿಯವನು ಬಂದು ಹೂ ಹಿಸುಕಿ ನೋಡಿ, “ಇದು ಗಂಡು ಸಾರ್. ಬೀಜದ ಗಿಡದಲ್ಲಿ ಹಿಂಗಾಗ್ತದೆ. ಕಸಿ ಗಿಡ ಹಾಕಬೇಕಿತ್ತು” ಎಂದ. ಎಂಟು ವರ್ಷದ ಗೊಬ್ಬರ, ನೀರು! ಭಾವ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೇ ದಿನ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ‘ವಸೂಲಾಗದ ಸಾಲ’ ಎಂದು ಬರೆದರು. ಮರ ಕಡಿಯಲಿಲ್ಲ. ಈಗ ಸುತ್ತಿಗೆ ಬಂದವರನ್ನು ಅದರ ನೆರಳಲ್ಲೇ ನಿಲ್ಲಿಸಿ ಉಳಿದ ಗಿಡಗಳ ಭವಿಷ್ಯ ಹೇಳುವುದು.

ಮೊನ್ನೆ ಹೋದಾಗ ಬೇಲಿಯ ಮೂಲೆಯಲ್ಲಿ ಹೊಸ ಬೋರ್ಡು ಕಂಡಿತು. ಮ್ಯಾಂಗೊಸ್ಟೀನ್. ನೆಟ್ಟದ್ದು 28-6-2025, ಅವಧಿ 2035. ಭಾವನಿಗೆ ಈಗ ಎಪ್ಪತ್ತೊಂದು. ನಾನು ಮನಸ್ಸಿನಲ್ಲೇ ಕೂಡಿ ಸುಮ್ಮನಾದೆ. ಅವರೂ ಆ ಲೆಕ್ಕ ಹಾಕಿಯೇ ಇದ್ದರು. ಜೀವಮಾನವೆಲ್ಲ ಹಾಕಿದ್ದೇ ಅದನ್ನಲ್ಲವೇ? ಬೋರ್ಡಿನ ತಳದಲ್ಲಿ ಸಣ್ಣಕ್ಷರದಲ್ಲಿ ನಾಮಿನಿ ಎಂದು ಬರೆದು ನನ್ನ ಹೆಸರು ಹಾಕಿದ್ದಾರೆ. ಬೆಂಗಳೂರಿನ ಮಗಳನ್ನು ಕೇಳಿದ್ದರಂತೆ. ಅವಳು ಬೇಡವೆಂದಳಂತೆ.